ಕುದುರೆಯ ಬಾಲವೂ ಮಾಸಿಕ ಚಂದಾವೂ

ಎರಡು ವರ್ಷಕ್ಕೊಮ್ಮೆ ಯಲಹಂಕದ ವಾಯುನೆಲೆಯ ಮೇಲೆ ದೇಶವಿದೇಶಗಳ ಯುದ್ಧವಿಮಾನಗಳು ಲಾಗ ಹಾಕುವಾಗ, ಟಿಕೆಟ್ಟು ಕೊಂಡವರು ಒಳಗೆ ಬಿಸಿಲಿನಲ್ಲಿ ಬೆವರುತ್ತಿರಲು, ಅಲ್ಲಾಳಸಂದ್ರದ ಗೃಹಸ್ಥರು ತಮ್ಮ ತಮ್ಮ ತಾರಸಿಗಳ ಮೇಲೆ ನೀರಿನ ತೊಟ್ಟಿಯ ನೆರಳಿಗೆ ಕುರ್ಚಿ ಎಳೆದುಕೊಂಡು, ಚುರುಮುರಿ ಮೆಲ್ಲುತ್ತಾ, ಅವೇ ವಿಮಾನಗಳನ್ನು ಬಿಟ್ಟಿಯಾಗಿ ನೋಡುತ್ತಾರೆ. 1996ರಲ್ಲಿ ಆ ಪ್ರದರ್ಶನ ಆರಂಭವಾದಂದಿನಿಂದ ಇದು ಇಲ್ಲಿ ಅನೂಚಾನವಾಗಿ ನಡೆದುಬಂದಿರುವ ಪದ್ಧತಿ. ನನ್ನ ಭಾವನವರು ಈ ಊರಿನಲ್ಲಿ ನಿವೇಶನ ಕೊಂಡದ್ದು ಕೆರೆಯ ಗಾಳಿಗಾಗಿ ಎಂದು ಅಕ್ಕ ಹೇಳುವುದುಂಟು. ನನಗೆ ಆ ಮಾತಿನಲ್ಲಿ ಪೂರ್ಣ ವಿಶ್ವಾಸವಿಲ್ಲ. ದರ್ಶನಕ್ಕೆ ದುಡ್ಡು ಕೊಡುವುದಾದರೆ ಅದು ತಿರುಪತಿಯಲ್ಲಿ ಮಾತ್ರ, ಮಿಕ್ಕ ಜಗತ್ತನ್ನು ಈಶ್ವರನು ಉಚಿತವಾಗಿ ನೋಡಲೆಂದೇ ಸೃಷ್ಟಿಸಿದ್ದಾನೆ ಎಂಬುದು ಅವರ ಸಿದ್ಧಾಂತ.

ಈ ಸಿದ್ಧಾಂತಕ್ಕೆ ಬುನಾದಿ ಬಿದ್ದದ್ದು ರೇಸ್‌ಕೋರ್ಸ್ ರಸ್ತೆಯಲ್ಲಿ. (ಆ ರಸ್ತೆಗೆ ಈಗ ನಟ ಅಂಬರೀಷ್ ಅವರ ಹೆಸರು ಬಂದಿದೆ, ಭಾವನವರ ಬಾಯಿಗೆ ಇನ್ನೂ ಬಂದಿಲ್ಲ.) ಅವರು ನೌಕರಿಯಲ್ಲಿದ್ದಷ್ಟು ಕಾಲವೂ ಅವರ ಮೇಜು ಅಲ್ಲಿಯ ಒಂದು ಕಚೇರಿಯ ನಾಲ್ಕನೆಯ ಮಹಡಿಯಲ್ಲಿ, ಮೈದಾನಕ್ಕೆ ಅಭಿಮುಖವಾದ ಕಿಟಕಿಯ ಪಕ್ಕದಲ್ಲಿತ್ತು. ವಾರದ ದಿನಗಳಲ್ಲಿ ಪಂದ್ಯ ಬಿದ್ದರೆ ಊಟದ ವೇಳೆ ಕೊಂಚ ದೀರ್ಘವಾಗುತ್ತಿತ್ತು. ಡರ್ಬಿಯು ಭಾನುವಾರ ಬಂದರೆ, ಬಾಕಿ ಕಡತಗಳಿವೆಯೆಂದು ಹೇಳಿ ಅಂದೂ ಕಚೇರಿಗೆ ಹೊರಡುತ್ತಿದ್ದರು. ರಜಾದಿನದಲ್ಲಿಯೂ ಬಂದು ಕಿಟಕಿಯ ಬಳಿ ಏಕಾಗ್ರಚಿತ್ತನಾಗಿ ಕುಳಿತಿರುವ ಈ ಗುಮಾಸ್ತನ ಕರ್ತವ್ಯನಿಷ್ಠೆ ಮೇಲಧಿಕಾರಿಗಳ ಗಮನಕ್ಕೆ ಬಂದು, ಅವರಿಗೆ ಬಡ್ತಿಯೂ ದೊರೆಯಿತು. ಕುದುರೆಯಿಂದ ಲಾಭ ಮಾಡಿಕೊಂಡವರು ನಮ್ಮ ವಂಶದಲ್ಲಿ ಅವರೊಬ್ಬರೇ.

ಹಾಗೆಂದು ಅವರು ಬಾಜಿ ಕಟ್ಟಿದವರಲ್ಲ. ಆದರೆ ಒಂದು ಉದ್ದನೆಯ ಖಾತೆ ಪುಸ್ತಕವನ್ನು ಇಟ್ಟಿದ್ದರು. ಪ್ರತಿ ಪಂದ್ಯಕ್ಕೂ ಮನಸ್ಸಿನಲ್ಲೇ ಒಂದು ಕುದುರೆಯ ಮೇಲೆ ಹತ್ತು ರೂಪಾಯಿ ಕಟ್ಟಿ, ಗೆದ್ದರೆ ಜಮಾ, ಸೋತರೆ ಖರ್ಚು ಬರೆದು, ವರ್ಷಾಂತ್ಯದಲ್ಲಿ ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆಯುತ್ತಿದ್ದರು. ನಿವೃತ್ತಿಯ ದಿನ ಲೆಕ್ಕ ಮುಗಿಸಿದಾಗ ಕಾಲ್ಪನಿಕ ನಷ್ಟ ಹತ್ತೊಂಬತ್ತು ಸಾವಿರ ಚಿಲ್ಲರೆಯಾಗಿತ್ತು. ಆ ಮೊತ್ತವನ್ನು ಅವರು ‘ಉಳಿತಾಯ’ ಎಂದು ಕರೆಯುತ್ತಾರೆ.

ಅಕ್ಕನಿಗೆ ಈ ಕಾಗದದ ಜೂಜೂ ಸಮ್ಮತವಲ್ಲ. ಕುದುರೆ ಬಾಲಕ್ಕೆ ಕಟ್ಟಿ ಉದ್ಧಾರವಾದವರುಂಟೆ ಎಂದು ಅವಳು ಕೇಳುವಾಗ ಇಡೀ ಮಹಾಭಾರತ ಅವಳ ಬೆನ್ನಿಗಿರುತ್ತದೆ. ಉಚ್ಚೈಃಶ್ರವಸ್ಸಿನ ಬಾಲ ಕಪ್ಪೋ ಬಿಳುಪೋ ಎಂದು ಕದ್ರುವೂ ವಿನತೆಯೂ ಪಣ ತೊಟ್ಟು, ಕದ್ರುವಿನ ಮಕ್ಕಳಾದ ಸರ್ಪಗಳು ಬಾಲಕ್ಕೆ ಸುತ್ತಿಕೊಂಡು ಕಪ್ಪಾಗಿಸಿದ ಮೋಸದಿಂದ ವಿನತೆ ದಾಸಿಯಾದಳಷ್ಟೆ; ಅಂದಮೇಲೆ ಕುದುರೆಯ ಮೇಲಿನ ಮೊತ್ತಮೊದಲ ಬಾಜಿಯೇ ‘ಫಿಕ್ಸ್’ ಆದದ್ದು ಎಂಬುದು ಅವಳ ವಾದ. ಭಾವನವರ ಪ್ರತಿವಾದವೂ ದುರ್ಬಲವೇನಲ್ಲ. ಕುದುರೆ ಪಂದ್ಯ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ಸರ್ವೋಚ್ಚ ನ್ಯಾಯಾಲಯವೇ 1996ರಲ್ಲಿ ತೀರ್ಪಿತ್ತಿದೆ. ನಳನು ಋತುಪರ್ಣನಿಗೆ ಅಶ್ವವಿದ್ಯೆಯನ್ನು ಕೊಟ್ಟು ಅಕ್ಷವಿದ್ಯೆಯನ್ನು ಪಡೆದನೆಂದರೆ ಅವೆರಡೂ ಬೇರೆ ಬೇರೆ ವಿದ್ಯೆಗಳೆಂಬುದು ಆಗಲೇ ಸಿದ್ಧವಾಗಿತ್ತಲ್ಲ ಎಂದು ಅವರು ಕೇಳುತ್ತಾರೆ. ಇಂಥ ದಂಪತಿಗಳನ್ನು ಒಂದೇ ದೂರದರ್ಶನ ಯಂತ್ರವುಳ್ಳ ಮನೆಗೆ ಕಳುಹಿಸಬಾರದು.

ಅವರು ಹೋದದ್ದು ಇಂಗ್ಲೆಂಡಿನ ಡಾನ್‌ಕಾಸ್ಟರಿಗೆ, ವೈದ್ಯಳಾಗಿರುವ ಮಗಳ ಮನೆಗೆ. ಬೇಸಗೆಯಲ್ಲಿ ನಾನೂ ಅವರೊಡನೆ ಇದ್ದೆ. ಆಸ್ಪತ್ರೆಯೆಲ್ಲಿದೆ, ಅಂಗಡಿಯೆಲ್ಲಿದೆ ಎಂಬ ವಿಚಾರಣೆಗೆ ಮುನ್ನವೇ ಭಾವನವರು ತಿಳಿದುಕೊಂಡದ್ದು, 1776ರಿಂದ ಸೇಂಟ್ ಲೆಜರ್ ಎಂಬ ಪಂದ್ಯ ಓಡುತ್ತಿರುವ ಊರು ಇದೇ ಎಂಬುದನ್ನು. ನಮ್ಮ ಪುಣೆಯಲ್ಲಿ ನಡೆಯುವ ಇಂಡಿಯನ್ ಸೇಂಟ್ ಲೆಜರಿಗೆ ಇದು ಮೂಲಸ್ಥಾನವೆಂದ ಮೇಲೆ ಅವರ ಪ್ರಯಾಣಕ್ಕೆ ತೀರ್ಥಯಾತ್ರೆಯ ಘನತೆ ಬಂತು. ಮೊದಲ ಸಂಜೆಯೇ ಅವರು ಮಾಳಿಗೆಯ ಮೆಟ್ಟಿಲುಗಳನ್ನು ಹುಡುಕಿದರು. ಮೆಟ್ಟಿಲುಗಳು ಮಲಗುವ ಕೋಣೆಯಲ್ಲಿ ನಿಂತುಬಿಟ್ಟವು. ಮೇಲೆ ಹಂಚಿನ ಇಳಿಜಾರು ಮಾಡು. ತಾರಸಿಯಿಲ್ಲದ ಮನೆಯಲ್ಲಿ ನಾಗರಿಕರು ಹೇಗೆ ಬದುಕುತ್ತಾರೆಂದು ಅವರು ಅಳಿಯನನ್ನು ನಿಜವಾಗಿಯೂ ಕೇಳಿದರು.

ಉಳಿದದ್ದು ದೂರದರ್ಶನ. ಅದನ್ನು ಹಚ್ಚುವ ಮೊದಲೇ ಲೈಸೆನ್ಸ್ ಎಂಬ ವಿಚಾರ ಎದುರಾಯಿತು. ನಮ್ಮಲ್ಲಿ ರೇಡಿಯೋವಿಗೆ ಲೈಸೆನ್ಸ್ ಇದ್ದ ಕಾಲವನ್ನು, ಅಂಚೆಕಚೇರಿಗೆ ಹೋಗಿ ಆ ಸಣ್ಣ ಪುಸ್ತಕಕ್ಕೆ ಪ್ರತಿವರ್ಷವೂ ಚೀಟಿ ಅಂಟಿಸಿಕೊಂಡು ಬರುತ್ತಿದ್ದುದನ್ನು ಭಾವನವರು ಮರೆತಿಲ್ಲ. ಆದರೆ ಅಂಥದು ಇನ್ನೂ ಒಂದು ದೇಶದಲ್ಲಿ ಬದುಕಿದೆ, ಅದರ ದರ 2025ರ ಏಪ್ರಿಲಿನಿಂದ ವರ್ಷಕ್ಕೆ 174 ಪೌಂಡು 50 ಪೆನ್ಸ್ ಎಂದು ಕೇಳಿ, ಮನಸ್ಸಿನಲ್ಲೇ ರೂಪಾಯಿಗೆ ಪರಿವರ್ತಿಸಿ, ಇಪ್ಪತ್ತು ಸಾವಿರ ದಾಟಿದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ವರ್ಷ ಮನಸ್ಸಿನಲ್ಲಿ ಆಡಿ ಸೋತದ್ದಕ್ಕಿಂತ ಇದೊಂದೇ ಬಾಬತ್ತು ಹೆಚ್ಚು.

“ಎಪ್ಪತ್ತೈದು ದಾಟಿದವರಿಗೆ ಬಿಟ್ಟಿ ಅಂತ ಎಲ್ಲೋ ಓದಿದ್ದೆನಲ್ಲ?” ಎಂದರು.

“ಅದು 2020ರ ಆಗಸ್ಟಿಗೇ ನಿಂತುಹೋಯಿತು ಮಾವ. ಈಗ ಬಡ ಪಿಂಚಣಿದಾರರಿಗೆ ಮಾತ್ರ,” ಎಂದರು ಅಳಿಯಂದಿರು.

“ನಾನೂ ಪಿಂಚಣಿದಾರನೇ.”

“ಕರ್ನಾಟಕ ಸರ್ಕಾರದ ಪಿಂಚಣಿ ಇಲ್ಲಿ ಲೆಕ್ಕಕ್ಕಿಲ್ಲ ಮಾವ.”

ಈ ಲೈಸೆನ್ಸಿನ ಹಣ ಮುಖ್ಯವಾಗಿ ಬಿಬಿಸಿಗೆ ಸಲ್ಲುತ್ತದೆ. ಯಾವ ವಾಹಿನಿಯನ್ನು ನೇರ ಪ್ರಸಾರದಲ್ಲಿ ನೋಡಿದರೂ ಲೈಸೆನ್ಸ್ ಕಡ್ಡಾಯ. ಗ್ರ್ಯಾಂಡ್ ನ್ಯಾಷನಲ್ ಪಂದ್ಯವನ್ನು 1960ರಲ್ಲಿ ಮೊದಲ ಬಾರಿಗೆ ತೆರೆಯ ಮೇಲೆ ತೋರಿಸಿದ ಬಿಬಿಸಿ 2012ರ ಬಳಿಕ ಅದನ್ನು ಕೈಬಿಟ್ಟಿತು. ಚಾನೆಲ್ ಫೋರ್ ಹಿಡಿದುಕೊಂಡಿತು. 2017ರಿಂದ ಐಟಿವಿಯ ಪಾಲಾಯಿತು. “ಕುದುರೆ ಬಿಟ್ಟರೂ ಲಗಾಮು ಬಿಟ್ಟಿಲ್ಲ ಇವರು,” ಎಂದು ಭಾವನವರು ನಿಟ್ಟುಸಿರಿಟ್ಟರು. ನಮ್ಮ ಟ್ರಾಯ್ 2019ರಲ್ಲಿ ತಂದ ನಿಯಮದಂತೆ ತಿಂಗಳಿಗೆ 130 ರೂಪಾಯಿ ಮತ್ತು ತೆರಿಗೆಗೆ ನೂರು ವಾಹಿನಿಗಳು ಬರುತ್ತಿದ್ದವೆಂಬುದನ್ನು, ಆಗ ಅದೇ 130 ರೂಪಾಯಿಗೆ ತಾವೇ ಕೇಬಲ್‌ನವನೊಡನೆ ಜಗಳವಾಡಿದ್ದುದನ್ನು ಮರೆತು, ರಾಮರಾಜ್ಯದ ವರ್ಣನೆಯ ಧಾಟಿಯಲ್ಲಿ ಅಳಿಯನಿಗೆ ಬಣ್ಣಿಸಿದರು.

ಐಟಿವಿಗೆ ಪ್ರತ್ಯೇಕ ಚಂದಾ ಇಲ್ಲ. ಆದರೆ ಅದರಲ್ಲಿ ಬರುವುದು ದೊಡ್ಡ ಪಂದ್ಯಗಳ ದಿನಗಳು. ಮಿಕ್ಕ ದಿನಗಳಲ್ಲಿ ಎಲ್ಲಾದರೊಂದು ಊರಿನಲ್ಲಿ ಓಡುತ್ತಲೇ ಇರುವ ಕುದುರೆಗಳನ್ನು ಎರಡು ಚಂದಾ ವಾಹಿನಿಗಳು ದಾಯಾದಿಗಳಂತೆ ಹಂಚಿಕೊಂಡಿವೆ. ನ್ಯೂಮಾರ್ಕೆಟ್, ಚೆಲ್ಟನ್‌ಹ್ಯಾಮ್ ಮತ್ತು ಐರ್ಲೆಂಡಿನ ಮೈದಾನಗಳು ರೇಸಿಂಗ್ ಟಿವಿಯಲ್ಲಿ. ಆಸ್ಕಟ್ಟೂ ಸ್ವತಃ ಡಾನ್‌ಕಾಸ್ಟರೂ ಸ್ಕೈ ಸ್ಪೋರ್ಟ್ಸ್ ರೇಸಿಂಗಿನಲ್ಲಿ. ಒಂದನ್ನು ಕೊಂಡವನಿಗೆ ಮತ್ತೊಂದರ ಚಿಂತೆ ತಪ್ಪದು. ತನ್ನದೇ ಊರಿನಲ್ಲಿ, ಗಾಳಿ ತಿರುಗಿದರೆ ಗೊರಸಿನ ಸದ್ದು ಕೇಳಬಹುದಾದಷ್ಟು ಸಮೀಪದಲ್ಲಿ ಓಡುವ ಕುದುರೆಯನ್ನು ಉಪಗ್ರಹದ ಮೂಲಕ ಬಾಡಿಗೆಗೆ ನೋಡುವ ಈ ವ್ಯವಸ್ಥೆಯನ್ನು ಭಾವನವರು ಖಂಡಿಸಿದರು. ಮಾವನ ಮನಸ್ಸು ನೊಂದಿತೆಂದು ಭಾವಿಸಿದ ಅಳಿಯಂದಿರು ಎರಡನ್ನೂ ಹಾಕಿಸಿದರು.

ಇದು ತಿಳಿದ ಅಕ್ಕ ಮೌನವಾದಳು. ಅವಳ ಮೌನ ಮೂರು ಹೊತ್ತಿನ ಅಡುಗೆಯಲ್ಲಿ ಉಪ್ಪಿನ ರೂಪದಲ್ಲಿ ವ್ಯಕ್ತವಾಗಲು, ಮಗಳು ಕನ್ನಡ ವಾಹಿನಿಗಳ ಇನ್ನೊಂದು ಚಂದಾ ಕಟ್ಟಿದಳು.

ಈಗ ಭೂಗೋಳಶಾಸ್ತ್ರ ತನ್ನ ಕೈಚಳಕ ತೋರಿತು. ಬೇಸಗೆಯಲ್ಲಿ ಇಂಗ್ಲೆಂಡು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಾಳಸಂದ್ರದಲ್ಲಿ ದೀಪ ಹಚ್ಚಿದ ಮೇಲೆ ಶುರುವಾಗಿ ರಾತ್ರಿ ಹತ್ತರವರೆಗೆ ನಡೆಯುವ ಧಾರಾವಾಹಿಗಳು ಡಾನ್‌ಕಾಸ್ಟರಿನಲ್ಲಿ ಮಧ್ಯಾಹ್ನ ಎರಡರಿಂದ ಐದೂವರೆಯವರೆಗೆ. ಅಲ್ಲಿಯ ಕುದುರೆಗಳೂ ಸರಿಯಾಗಿ ಅದೇ ಹೊತ್ತಿನಲ್ಲಿ ಓಡುತ್ತವೆ. ನಾನು ಮಧ್ಯಸ್ಥಿಕೆ ವಹಿಸಿ ಒಪ್ಪಂದವೊಂದನ್ನು ಮಾಡಿಸಿದೆ. ಅರ್ಧ ಗಂಟೆಗೊಂದು ಪಂದ್ಯ. ಅದರಲ್ಲಿ ಓಟ ಎರಡು ಮೂರು ನಿಮಿಷ, ಉಳಿದದ್ದೆಲ್ಲ ಕುದುರೆಗಳನ್ನು ಸುತ್ತು ಹಾಕಿಸುವುದು ಮತ್ತು ಟೋಪಿಯವರ ಮಾತು. ಆದುದರಿಂದ ಓಟದ ಹೊತ್ತು ಭಾವನವರಿಗೆ, ಶೇಷಕಾಲವೆಲ್ಲ ಅಕ್ಕನಿಗೆ. ಕಾಗದದ ಮೇಲೆ ನಿರ್ದುಷ್ಟವಾಗಿದ್ದ ಈ ಒಪ್ಪಂದ ಮೊದಲ ದಿನವೇ ಮುರಿಯಿತು. ಧಾರಾವಾಹಿಯ ಅತ್ತೆ ಸೊಸೆಯ ಹಾಲಿನ ಲೋಟಕ್ಕೆ ಏನನ್ನೋ ಬೆರೆಸಿ, ಸೊಸೆ ಲೋಟವನ್ನು ತುಟಿಯವರೆಗೆ ತಂದ ಕ್ಷಣಕ್ಕೆ ಸರಿಯಾಗಿ ಕುದುರೆಗಳು ಗೇಟಿನ ಬಳಿ ಬಂದು ನಿಂತವು. ಭಾವನವರು ರಿಮೋಟು ಒತ್ತಿದರು. ಒಂದು ಕುದುರೆ ಗೇಟಿನೊಳಗೆ ಹೋಗಲೊಲ್ಲದೆ ಹಿಂಗಾಲಿನ ಮೇಲೆ ನಿಂತಿತು; ನಾಲ್ವರು ಅದರ ಹಿಂಭಾಗಕ್ಕೆ ಹೆಗಲು ಕೊಟ್ಟು ನೂಕತೊಡಗಿದರು; ನಿಮಿಷಗಳು ಉರುಳಿದವು.

“ರೀ, ಅದು ಹೋಗೋದರೊಳಗೆ ಆ ಹುಡುಗಿ ಸತ್ತೇಹೋಗ್ತಾಳೆ,” ಎಂದಳು ಅಕ್ಕ.

ಅಂದು ಸಂಜೆ ಅಳಿಯಂದಿರು ಕಂಪ್ಯೂಟರಿನಲ್ಲಿ ಕುಳಿತು ಲೆಕ್ಕ ಹಾಕಿ, ಮಾವನವರು ನೋಡುವ ಒಂದೊಂದು ಓಟಕ್ಕೆ ಎಷ್ಟು ಬೀಳುತ್ತದೆಂದು ನನಗೆ ಗುಟ್ಟಾಗಿ ತೋರಿಸಿದರು. ಅಷ್ಟನ್ನು ಬುಕ್ಕಿಯ ಕೈಗೆ ಕೊಟ್ಟಿದ್ದರೆ ಎಂದಾದರೊಂದು ದಿನ ಏನಾದರೂ ಹಿಂದಿರುಗುವ ಸಂಭವವಿತ್ತು. ನಮ್ಮ ಸಂಸಾರಗಳ ನೀತಿ ವಿಚಿತ್ರವಾದುದು: ಗೆಲ್ಲುವ ಆಸೆಯಿಂದ ಹತ್ತು ರೂಪಾಯಿ ಕಟ್ಟಿದವನು ಮನೆಹಾಳ, ಸೋಲು ನಿಶ್ಚಿತವಾಗಿರುವ ಕಡೆ ಪ್ರತಿತಿಂಗಳೂ ಒಂದನೆಯ ತಾರೀಖು ಬ್ಯಾಂಕಿನಿಂದ ತಾನಾಗಿಯೇ ಹಣ ಹೋಗುವಂತೆ ಬರೆದುಕೊಟ್ಟವನು ತಂದೆತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುವ ಸತ್ಪುತ್ರ.

ಸೆಪ್ಟೆಂಬರಿನಲ್ಲಿ ಸೇಂಟ್ ಲೆಜರ್ ಬಂದಾಗ, ಊರಿಗೆ ಊರೇ ಸೂಟು ಟೋಪಿ ಧರಿಸಿ ಮೈದಾನದತ್ತ ನಡೆದರೂ, ಭಾವನವರು ಟಿಕೆಟ್ಟಿನ ಮಾತೆತ್ತದೆ ಸೋಫಾದಲ್ಲಿಯೇ ಕುಳಿತು ಐಟಿವಿಯಲ್ಲಿ ನೋಡಿದರು. ಚಂದಾ ಕಟ್ಟಿದ ವಾಹಿನಿಯಲ್ಲಿ ನೋಡಿದರೆ ಬಿಟ್ಟಿಯಾಗಿ ನೋಡಿದ ಸುಖ ಇರುವುದಿಲ್ಲವಂತೆ.

ಅಕ್ಟೋಬರಿನಲ್ಲಿ ಹಿಂದಿರುಗಿದೆವು. ಚಂದಾಗಳನ್ನು ನಿಲ್ಲಿಸಲು ಹೋದ ಅಳಿಯಂದಿರಿಗೆ, ಅದರಲ್ಲೊಂದು ಒಪ್ಪಂದದ ಅವಧಿ ಮುಗಿಯುವವರೆಗೆ ನಿಲ್ಲದೆಂದು ತಿಳಿದುಬಂತು. ದುಡ್ಡು ಹೋಗುತ್ತಿದೆ, ಸುಮ್ಮನೆ ಏಕೆ ಹಾಳಾಗಬೇಕೆಂದು ಅವರು ರಜೆಯ ದಿನ ಹತ್ತು ನಿಮಿಷ ಕುದುರೆ ನೋಡಿದರು. ಅನಂತರ ಅರ್ಧ ಗಂಟೆ. ಅದೇ ತರ್ಕದಿಂದ ಮಗಳು ಆಸ್ಪತ್ರೆಯಿಂದ ಬಂದು, ಆ ಹಾಲು ಕುಡಿದ ಸೊಸೆ ಬದುಕಿದಳೋ ಇಲ್ಲವೋ ನೋಡಲು ಕುಳಿತಳು. ಈಗ ಶನಿವಾರ ಸಂಜೆ ಅಲ್ಲಾಳಸಂದ್ರದಲ್ಲಿ ಫೋನು ಬಡಿದುಕೊಂಡರೆ ಅದು ಅಳಿಯಂದಿರದು: ಮಳೆ ಬಿದ್ದು ನೆಲ ಮೆತ್ತಗಾಗಿದೆ, ಮೂರನೆಯ ನಂಬರಿನ ಕುದುರೆ ಮೆತ್ತನೆಯ ನೆಲದಲ್ಲಿ ಹೇಗೆ, ಮಾವ? ಭಾವನವರು ಹೊಸ ಖಾತೆ ಪುಸ್ತಕ ತೆರೆದಿದ್ದಾರೆ. ಮನಸ್ಸಿನಲ್ಲಿ ಕಟ್ಟುವ ಹಣ ಈಗ ಹತ್ತು ಪೌಂಡು.

ಕಳೆದ ವಾರ ಅಳಿಯಂದಿರು, ಒಪ್ಪಂದದ ಅವಧಿ ಮುಗಿಯುತ್ತ ಬಂತು, ಮುಂದುವರಿಸಬೇಕೆಂದಿದ್ದೇನೆ, ದರ ಮಾತ್ರ ಸ್ವಲ್ಪ ಏರಿದೆ ಎಂದರು. ತಮ್ಮಿಂದಲೇ ಹತ್ತಿದ ಹವ್ಯಾಸವೆಂದು ಭಾವನವರು ಉದಾರವಾಗಿ ಅರ್ಧ ಪಾಲು ತಾವೇ ಕೊಡುವುದಾಗಿ ಹೇಳಿ, ಎಷ್ಟಾಗುತ್ತದೆಂದು ಕೇಳಿದರು. ಅಳಿಯಂದಿರು ಹೇಳಿದರು. ಭಾವನವರು ಒಂದು ಕ್ಷಣ ಲೆಕ್ಕ ಹಾಕಿ, “ನಿಮ್ಮ ಅತ್ತೆಗೆ ಕೊಡ್ತೀನಿ, ಮಾತಾಡಿ,” ಎಂದು ಫೋನನ್ನು ಅಕ್ಕನ ಕೈಗಿತ್ತು ತಾರಸಿಗೆ ಹೋದರು.