ಫೋಟೊಗೆ ನಿಂತ ಮನೆ

ಮಾಗಡಿ ಸೀಮೆಯ ಒಂದು ಹಳ್ಳಿ. ತಳಪಾಯ, ಲಿಂಟಲ್, ಛಾವಣಿ, ಮುಕ್ತಾಯ: ಹಂತಹಂತಕ್ಕೂ ಜಿಪಿಎಸ್ ಫೋಟೊ ಬಿದ್ದರಷ್ಟೇ ವಸತಿ ಯೋಜನೆಯ ಕಂತು. ಸಾಹೇಬರು ಮೊಬೈಲ್ ಹಿಡಿದು ಬಂದಿದ್ದಾರೆ.

ಸಾಹೇಬರು: ಆವಾಸ್ ಯೋಜನೆ ಪ್ರಕಾರ ಕನಿಷ್ಠ 25 ಚದರ ಮೀಟರ್ ಇರಬೇಕು, ಅಡುಗೆ ಜಾಗ ಸೇರಿ. ನಿಮ್ದೆಷ್ಟು?

ಯಜಮಾನ: ಮೀಟರ್ ಗೊತ್ತಿಲ್ಲ ಬುದ್ಧಿ. ರೇಷ್ಮೆ ಹುಳದ ಹತ್ತು ಚಂದ್ರಿಕೆ ಹಿಡೀತದೆ. ಸಂದೀಲಿ ನಾವು ಐದು ಜನ.

ಸಾಹೇಬರು: ಅಡುಗೆ?

ಯಜಮಾನ: ಹುಳ ಹಣ್ಣಾಗೋಗಂಟ ಒಲೆ ಆಚೆಗೆ. ಹೊಗೆ ತಾಕಿ ಗೂಡು ಕೆಟ್ರೆ ರಾಮನಗರದ ಮಾರ್ಕೆಟ್ಟಲ್ಲಿ ಯಾರು ಕೇಳ್ತಾರೆ?

(ಸಾಹೇಬರು ‘ಅಡುಗೆಮನೆ: ಗಾಳಿ ಬೆಳಕು ಧಾರಾಳ’ ಎಂದು ಬರೆದುಕೊಂಡರು. ಸುಳ್ಳೇನಲ್ಲ.)

ಸಾಹೇಬರು: ಗೋಡೇಲಿ ಬಿರುಕು!

ಯಜಮಾನ: ಕಲ್ಲು ಕನಕಪುರದ್ದು, ಗಟ್ಟಿ. ಅದು ಬಿರುಕಲ್ಲ, ಎರಡನೇ ಕಂತು ಬರಬೇಕಾಗಿದ್ದ ಜಾಗ.

ಸಾಹೇಬರು: ಕಿಟಕಿ ಸರಳು ಕಬ್ಬಿಣದ್ದಲ್ವಲ್ಲ?

ಯಜಮಾನ: ಹಾಲೆ ಮರ. ಚನ್ನಪಟ್ಟಣದ ಬಾಮೈದ ಬೊಂಬೆ ಥರ ಲೇತಲ್ಲಿ ತಿರುವಿ ಅರಗಿನ ಬಣ್ಣ ಹಾಕವ್ನೆ. ಮಗು ಬಾಯಿಗಿಟ್ಕೊಂಡ್ರೂ ಏನೂ ಆಗಲ್ಲ.

ಸಾಹೇಬರು: ಕಳ್ಳ ಬಂದ್ರೆ?

ಯಜಮಾನ: ಅವನಿಗೂ ಏನೂ ಆಗಲ್ಲ.

ಸಾಹೇಬರು: ಆದ್ರೆ ವಿಳಾಸ ತಾಳೆ ಆಗ್ತಿಲ್ವಲ್ರೀ. ಕಾಗದದಲ್ಲಿ ರಾಮನಗರ ಜಿಲ್ಲೆ. 2025ರಿಂದ ಇದು ಬೆಂಗಳೂರು ದಕ್ಷಿಣ.

ಯಜಮಾನ: ನಮ್ಮಪ್ಪನ ಪತ್ರದಲ್ಲಿ ಬೆಂಗಳೂರು ಗ್ರಾಮಾಂತರ ಅಂತೈತೆ. 2007ರಲ್ಲಿ ರಾಮನಗರ ಆಯ್ತು, ಈಗ ಇದು. ತಳಪಾಯ ಮಾತ್ರ ಇದ್ದಲ್ಲೇ ಐತೆ ಬುದ್ಧಿ.

ಸಾಹೇಬರು: ಸರಿ, ಬಾಗಿಲ ಮುಂದೆ ನಿಂತ್ಕೊಳ್ಳಿ. ಅಲ್ಲಾಡಬಾರ್ದು.

ಯಜಮಾನ: ನಾನೋ, ಜಿಲ್ಲೆಯೋ?