ಗುರುವರ್ಯ ಹ್ಯೂ ಆಲ್ಡ್ ಅವರಿಗೊಂದು ಶಾಲು

ಸೆಪ್ಟೆಂಬರ್ 5 ಬಂತೆಂದರೆ ನಮ್ಮಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಗಳ ಸುಗ್ಗಿ. ಈ ಸಲದ ಅತ್ಯುತ್ತಮ ಶಿಕ್ಷಕ ಪ್ರಶಸ್ತಿಗೆ ನನ್ನದೂ ಒಂದು ಶಿಫಾರಸು ಇದೆ: ಅಮೆರಿಕದ ಬಾಲ್ಟಿಮೋರ್‌ನ ದಿವಂಗತ ಹ್ಯೂ ಆಲ್ಡ್. ಬಿ.ಎಡ್. ಆಗಿಲ್ಲ. ಮಾಡಿದ್ದು ಒಂದೇ ಪಾಠ, ಅದೂ ಸಿಟ್ಟಿನಲ್ಲಿ. ಆದರೂ ಫಲಿತಾಂಶ ನೂರಕ್ಕೆ ನೂರು.

ಶಿಷ್ಯನ ಹೆಸರು ಫ್ರೆಡರಿಕ್. ಮುಂದೆ ಗುಲಾಮಗಿರಿಯ ವಿರುದ್ಧ ಹೋರಾಡಿ ಫ್ರೆಡರಿಕ್ ಡಗ್ಲಾಸ್ ಎಂದು ಲೋಕಕ್ಕೆ ಗೊತ್ತಾದವನು. 1818ರಲ್ಲಿ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿಯೇ ಹುಟ್ಟಿದ. ಅವನ ಅಂಗನವಾಡಿ ಕರ್ನಲ್ ಲಾಯ್ಡ್ ಎಂಬ ಸಾಹುಕಾರನ ತೋಟ. ಬಿಸಿಯೂಟದ ವ್ಯವಸ್ಥೆ ಅಚ್ಚುಕಟ್ಟು: ಮೆಕ್ಕೆಜೋಳದ ಅಂಬಲಿಯನ್ನು ಮರದ ಮರಿಗೆಗೆ ಸುರಿದು ನೆಲಕ್ಕಿಟ್ಟು, ಹಂದಿಮರಿಗಳನ್ನು ಕರೆದಂತೆ ಮಕ್ಕಳನ್ನು ಕರೆಯುವುದು. ಚಮಚ ಬೇಕಾದರೆ ಸಿಂಪಿಯ ಚಿಪ್ಪೋ ಮರದ ಹೆಂಚಿನ ಚೂರೋ. ಬೇಗ ತಿಂದವನಿಗೆ ಹೆಚ್ಚು. ಸಮವಸ್ತ್ರ ವರ್ಷಕ್ಕೆರಡು ಒರಟು ಅಂಗಿ, ಚಡ್ಡಿ ಸಿಲಬಸ್‌ನಲ್ಲಿಲ್ಲ. ಹಾಸಿಗೆ ಬೇಕೆಂದರೆ ಗೋಣಿಚೀಲ ಕದಿಯಬೇಕು, ತಲೆಯನ್ನು ಒಳಗೆ ತೂರಿಸಬೇಕು, ಕಾಲನ್ನು ಚಳಿಗೆ ಬಿಡಬೇಕು. ಚಿಕ್ಕಮ್ಮ ಹೆಸ್ಟರ್‌ಳ ಕೈ ಕಟ್ಟಿ, ಕೊಕ್ಕೆಗೆ ನೇತುಹಾಕಿ ಚಾಟಿಯಿಂದ ಹೊಡೆದಾಗ ಹುಡುಗ ಗೂಡಿನಂಥ ಕೋಣೆಯಲ್ಲಿ ಅಡಗಿ ನೋಡುತ್ತಿದ್ದ. ಇದಕ್ಕೆ ನನ್ನ ಬಳಿ ಶಾಲೆಯ ಹೋಲಿಕೆ ಇಲ್ಲ.

1826ರಲ್ಲಿ ಬಾಲ್ಟಿಮೋರ್‌ಗೆ, ಹ್ಯೂ ಆಲ್ಡ್ ಅವರ ಮನೆಗೆ ವರ್ಗ. ಹ್ಯೂ ಅವರ ಹೆಂಡತಿ ಸೋಫಿಯಾಗೆ ಗುಲಾಮರನ್ನು ಸಾಕಿ ಅಭ್ಯಾಸವಿಲ್ಲ, ಪಾಪ! ಹುಡುಗನಿಗೆ ಎ, ಬಿ, ಸಿ ಹೇಳಿಕೊಟ್ಟರು. ಯಜಮಾನರು ಕೂಗಾಡಿದರು: ಇಂಥವರಿಗೆ ಬೆರಳು ಕೊಟ್ಟರೆ ಹಸ್ತ ನುಂಗುತ್ತಾರೆ, ಓದು ಬಂದರೆ ಗುಲಾಮಗಿರಿಗೆ ನಾಲಾಯಕ್ ಆಗುತ್ತಾರೆ, ಮೇಲಾಗಿ ಇದು ಕಾನೂನುಬಾಹಿರ. ದಕ್ಷಿಣ ಕೆರೊಲಿನಾದಲ್ಲಿ 1740ರಿಂದಲೇ ಗುಲಾಮರಿಗೆ ಬರೆಯಲು ಕಲಿಸಿದರೆ ದಂಡವಿತ್ತು, ನಿಜ. ಮೇರಿಲ್ಯಾಂಡಿನಲ್ಲಿ ಅಂಥ ಕಾನೂನೇ ಇರಲಿಲ್ಲ. ಇಲ್ಲದ ಕಾನೂನಿಗೂ ತಲೆಬಾಗುವ ಇಂಥ ಸಭ್ಯ ನಾಗರಿಕರು ಈಗೆಲ್ಲಿ ಸಿಗುತ್ತಾರೆ? (ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಎಂದ ನಮ್ಮ ಧರ್ಮಸೂತ್ರಕಾರರ ಮುಂದೆ ಅವರು ಎಳಸು, ಬಿಡಿ. 1873ರಲ್ಲಿ ಜೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದು ಸುಮ್ಮನೆ ಅಲ್ಲ.)

ಪಕ್ಕದಲ್ಲೇ ನಿಂತಿದ್ದ ಹುಡುಗನಿಗೆ ಯಜಮಾನರ ಬೀಗದ ಕೈ ಎಲ್ಲಿದೆಯೆಂದು ಯಜಮಾನರ ಬಾಯಿಂದಲೇ ತಿಳಿಯಿತು. ಆಮೇಲೆ ಅವನಿಗೆ ಊರೆಲ್ಲ ಮೇಷ್ಟರುಗಳೇ. ಬೀದಿಯ ಬಡ ಬಿಳಿ ಹುಡುಗರಿಗೆ ರೊಟ್ಟಿ ಕೊಟ್ಟ, ಅಕ್ಷರ ಪಡೆದ. ಗುಲಾಮ ಮಾಲೀಕರ ಬಣ್ಣದವರಿಗೆ ಗುಲಾಮನ ಮನೆಪಾಠದ ಫೀಸು! ಹಡಗುಕಟ್ಟೆಯ ಬಡಗಿಗಳು ಮರದ ತುಂಡುಗಳ ಮೇಲೆ ಎಡ, ಬಲ ಗುರುತಿಸಲು ಬರೆದ ಎಲ್, ಎಸ್‌ಗಳನ್ನು ನೋಡಿ ಕೈ ತಿದ್ದಿದ. ಯಜಮಾನರ ಮಗ ಬರೆದು ಬಿಸಾಕಿದ ಕಾಪಿ ಪುಸ್ತಕದ ಖಾಲಿ ಸಾಲುಗಳನ್ನು ತುಂಬಿಸಿದ. 50 ಸೆಂಟ್ ಕೂಡಿಸಿ ಭಾಷಣಗಳ ಪುಸ್ತಕವೊಂದನ್ನು ಕೊಂಡ. ಅಷ್ಟರಲ್ಲಿ ಸೋಫಿಯಾ ಅಮ್ಮನವರೂ ತರಬೇತಾಗಿದ್ದರು. ಕೈಯಲ್ಲಿ ಪತ್ರಿಕೆ ಕಂಡರೆ ಕಿತ್ತುಕೊಳ್ಳುತ್ತಿದ್ದರು.

1838ರಲ್ಲಿ ಶಿಷ್ಯ ಪರಾರಿ. 1845ರಲ್ಲಿ ಆತ್ಮಕಥೆ, ಅದರಲ್ಲಿ ಗುರುಗಳ ಪಾಠದ ಸವಿಸ್ತಾರ ವರದಿ. ಇನ್ನು ಗುರುದಕ್ಷಿಣೆ. ಅದನ್ನೂ ಗುರುಗಳು ಬಿಡಲಿಲ್ಲ: 1846ರಲ್ಲಿ ಬ್ರಿಟನ್ನಿನ ಗೆಳೆಯರು ಚಂದಾ ಎತ್ತಿ ಕೊಟ್ಟ 150 ಪೌಂಡಿಗೆ ಹ್ಯೂ ಆಲ್ಡ್ ಬಿಡುಗಡೆ ಪತ್ರಕ್ಕೆ ರುಜು ಹಾಕಿದರು. ಶಿಷ್ಯ ಆ ಪತ್ರವನ್ನು, ಗುರುಗಳ ಹೆಸರು ಸಮೇತ, 1855ರ ತನ್ನ ಇನ್ನೊಂದು ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಅಡಿಟಿಪ್ಪಣಿಯಲ್ಲಿ.