ಗೃಹಶ್ವಾನ ಚಯನ ಮೀಮಾಂಸೆ: ದಾವಣಗೆರೆ-ಹರಿಹರ ಪಾಠಾಂತರಗಳ ಸಹಿತ

ಸೂತ್ರ 1: ಮನೆ ಕಟ್ಟಿದ ಮೇಲೆ ನಾಯಿ.

ಭಾಷ್ಯ: ಸೈಟು ಕೊಂಡು, ಬೋರು ಕೊರೆಸಿ, ಗೃಹಪ್ರವೇಶ ಮುಗಿಸಿ, ಬ್ಯಾಂಕಿನ ಕಂತು ಕಟ್ಟಲು ಶುರು ಮಾಡಿದ ಗೃಹಸ್ಥನಿಗೆ ಮಾತ್ರ ಈ ಶಾಸ್ತ್ರದಲ್ಲಿ ಅಧಿಕಾರ. ಬಾಡಿಗೆದಾರನಿಗಿಲ್ಲ. ಅವನ ಪಾಲಿಗೆ ಮನೆ ಮಾಲೀಕರ ಮಾತೇ ಶ್ರುತಿ. ಆ ಶ್ರುತಿ 'ನಾಯಿ ಗೀಯಿ ಸಾಕಂಗಿಲ್ರಿ' ಎಂದು ಸ್ಪಷ್ಟವಾಗಿಯೇ ಇದೆ. ಸಂಸಾರವಂದಿಗರ ಮನೆಗೆ ತಕ್ಕ ನಾಯಿ ಯಾವುದು ಎಂಬುದು ಇಲ್ಲಿನ ವಿಷಯ. ಗಂಡ ಹೆಂಡಿರ ನಡುವೆ ಶಾಂತಿಯೇ ಪ್ರಯೋಜನ.

ಸೂತ್ರ 2: ಪ್ರಾಚೀನರಿಗೆ ಈ ಗೊಂದಲ ಇರಲಿಲ್ಲ.

ಭಾಷ್ಯ: ಮದ್ದೂರು ತಾಲ್ಲೂಕಿನ ಆತಕೂರು ಶಾಸನವೇ ಪ್ರಮಾಣ. ಕ್ರಿ.ಶ. 949ರ ತಕ್ಕೋಲಂ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ 'ಬೇಕಾದ್ದು ಕೇಳು' ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಮುಂದೆ ಕಾಡುಹಂದಿಯೊಂದಿಗೆ ಸೆಣಸಿತು; ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಗುಡಿಯ ಪೂಜಾರಿಗೆ, ನಾಯಿಯ ಪಾಪ ತಟ್ಟಲಿ ಎಂಬ ಎಚ್ಚರಿಕೆಯೂ ಶಾಸನದಲ್ಲಿದೆ. ಇದರಿಂದ ಸಿದ್ಧವಾಗುವುದು ಎರಡು. ಒಂದು, ಮಣಲೇರ ನಾಯಿಯ ಹೆಸರು ಹಿಡಿದು ಕೇಳಿದನೇ ಹೊರತು ಪೇಪರ್ ಇದೆಯೇ ಎಂದು ಕೇಳಲಿಲ್ಲ. ಎರಡು, ನಾಯಿಯ ಪಾಲನ್ನು ನೋಡದೆ ತಾನು ಉಣ್ಣುವುದು ಕನ್ನಡ ನಾಡಿನಲ್ಲಿ ಸಾವಿರ ವರ್ಷದಿಂದಲೂ ದೋಷ.

ಸೂತ್ರ 3: ಅರ್ವಾಚೀನರಲ್ಲಿ ಪೂರ್ವಪಕ್ಷಗಳು ಮೂರು.

ಭಾಷ್ಯ: ಮೊದಲನೆಯದು ದಾವಣಗೆರೆಯ ಎಂ.ಸಿ.ಸಿ. 'ಬಿ' ಬ್ಲಾಕ್ ಶಾಖೆ. ನಾಯಿ ಕಾರಿಗೆ ಒಪ್ಪುವಂತಿರಬೇಕು ಎಂಬುದು ಇವರ ಮತ. ಬಿಳಿ ಕಾರಿಗೆ ನೀಲಿ ಕಣ್ಣಿನ ಸೈಬೀರಿಯನ್ ಹಸ್ಕಿ. ಇದಕ್ಕೆ ಆಕ್ಷೇಪವೇನೆಂದರೆ, ಹಸ್ಕಿ ಸೈಬೀರಿಯಾದ ಚುಕ್ಚಿ ಜನ ಹಿಮದ ಮೇಲೆ ಬಂಡಿ ಎಳೆಯಲು ಸಾಕಿದ ನಾಯಿ. ಅದರ ಮೈಮೇಲೆ ಎರಡು ಪದರ ತುಪ್ಪಳ. ಏಪ್ರಿಲ್‌ನಲ್ಲಿ ದಾವಣಗೆರೆಯ ಟಾರು ರಸ್ತೆಯ ಮೇಲೆ ಬರಿಗಾಲಲ್ಲಿ ನಿಂತವನಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ. ನಾಯಿಗೆಂದು ಹಾಲ್‌ನಲ್ಲಿ ಎ.ಸಿ. ಓಡುತ್ತದೆ, ಕರೆಂಟ್ ಬಿಲ್ ಬಂದ ದಿನ ಈ ಶಾಖೆಯ ಪಂಡಿತರು ಮೌನವ್ರತ ಹಿಡಿಯುತ್ತಾರೆ.

ಎರಡನೆಯದು ಮಂಡಿಪೇಟೆ ಶಾಖೆ. ಉಪಯೋಗವಿಲ್ಲದ ವಸ್ತುವನ್ನು ಗೋದಾಮಿನಲ್ಲೂ ಇಡಬಾರದು, ಮನೆಯಲ್ಲೂ ಇಡಬಾರದು. ಆದ್ದರಿಂದ ಕಾವಲಿಗೆ ಡಾಬರ್‌ಮನ್ ಎನ್ನುತ್ತಾರೆ. ಇವರು ಕೊಡುವ ದೃಷ್ಟಾಂತ ಜಿಲ್ಲಾ ಪೊಲೀಸ್ ಶ್ವಾನದಳದ ತುಂಗಾ. 2020ರಲ್ಲಿ ಕೊಲೆ ಆರೋಪಿಯ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಓಡಿದ ಡಾಬರ್‌ಮನ್ ಅದು. ದಾವಣಗೆರೆಯಿಂದ ಹೊರಟಿದ್ದರೆ ಹೆಚ್ಚುಕಡಿಮೆ ಹರಿಹರ ಮುಟ್ಟುತ್ತಿತ್ತು. ದೃಷ್ಟಾಂತ ನಿಜ, ಅನುಮಾನ ದುಷ್ಟ. ತುಂಗಾಳ ಹಿಂದೆ ತರಬೇತಿಯಿತ್ತು, ಜೊತೆಗೆ ಓಡಲು ಸಿಬ್ಬಂದಿಯಿದ್ದರು. ಮಂಡಿಪೇಟೆ ಡಾಬರ್‌ಮನ್‌ನ ಹಿಂದಿರುವುದು ತೆಂಗಿನ ಮರ, ಜೊತೆಗಿರುವುದು ಸರಪಳಿ. ದಿನವಿಡೀ ಕಟ್ಟಿಹಾಕಿದ ನಾಯಿ ಕಳ್ಳನನ್ನು ಹಿಡಿಯುವುದಿಲ್ಲ, ಹಾಲಿನವನನ್ನು ಹಿಡಿಯುತ್ತದೆ.

ಇದೇ ಶಾಖೆಯ ಸ್ವದೇಶಿ ಪಂಥದವರು ಮುಧೋಳ ನಾಯಿಯನ್ನು ಎತ್ತಿ ಹಿಡಿಯುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ತಂದಿದೆ, ಸೈನ್ಯವೂ ಅದನ್ನು ಪರೀಕ್ಷಿಸಿದೆ, ನಮ್ಮ ಬಾಗಲಕೋಟೆ ಜಿಲ್ಲೆಯದ್ದೇ ತಳಿ. ಎಲ್ಲ ಸರಿ. ಆದರೆ ಅದು ಬಯಲಲ್ಲಿ ಮೊಲದ ಬೆನ್ನಟ್ಟಲು ಹುಟ್ಟಿದ ಪ್ರಾಣಿ. ಮೂವತ್ತು-ನಲವತ್ತರ ಸೈಟಿನಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಸಂಪು, ಐದನೆಯದಕ್ಕೆ ಗೇಟು.

ಮೂರನೆಯದು ವಿದ್ಯಾನಗರ ಶಾಖೆ. ಇವರಿಗೆ ಪರದೆಯೇ ಪ್ರಮಾಣ. 2003ರಲ್ಲಿ ಹಚ್ ಮೊಬೈಲ್ ಜಾಹೀರಾತು ನೋಡಿ ಪಗ್ ಬೇಕೆಂದರು. 2022ರಲ್ಲಿ '777 ಚಾರ್ಲಿ' ನೋಡಿ ಅತ್ತು, ಕಣ್ಣೊರೆಸಿಕೊಂಡು, ಲ್ಯಾಬ್ರಡಾರ್ ಬೇಕೆಂದರು. ಲ್ಯಾಬ್ರಡಾರ್ ಸಾಧು, ಮಕ್ಕಳಿಗೆ ಹಿತ, ಅದರಲ್ಲಿ ವಿವಾದವಿಲ್ಲ. ವಿವಾದ ಇರುವುದು ಅದರ ಹೊಟ್ಟೆಯಲ್ಲಿ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲಿಗೆ ಹಸಿವನ್ನು ಹತೋಟಿಯಲ್ಲಿಡುವ ಜೀನ್‌ನಲ್ಲೇ ಕೊರತೆಯಿದೆ ಎಂದು ಕೇಂಬ್ರಿಜ್‌ನ ವಿಜ್ಞಾನಿಗಳು 2016ರಲ್ಲಿ ತೋರಿಸಿದ್ದಾರೆ. ಇಂಥ ಪ್ರಾಣಿಯನ್ನು ಬೆಣ್ಣೆ ದೋಸೆಯ ಊರಿಗೆ ತರುವುದೆಂದರೇನು! ಜಿಡ್ಡು ಹೆಚ್ಚಾದರೆ ನಾಯಿಯ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ತುತ್ತಾಗುತ್ತದೆ. ದೋಸೆ ಬೇಡ, ಸಂಜೆ ಮಂಡಕ್ಕಿ ಕೊಡೋಣವೆಂದರೆ ಅದರಲ್ಲಿ ಈರುಳ್ಳಿ. ಅದು ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಹೀಗೆ ದಾವಣಗೆರೆಯ ಎರಡೂ ಮಹಾಪ್ರಸಾದಗಳು ಶ್ವಾನಕುಲಕ್ಕೆ ನಿಷಿದ್ಧ ಎಂಬುದು ಈ ಪ್ರಬಂಧದ ಮೂಲ ಸಂಶೋಧನೆ.

ಸೂತ್ರ 4: ಹರಿಹರದವರದು ಸಮನ್ವಯ.

ಭಾಷ್ಯ: 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿಯಲ್ಲಿ ಅರ್ಧ ಹರಿ, ಅರ್ಧ ಹರ. ಅಂಥ ಊರಿನಲ್ಲಿ ಶುದ್ಧ ತಳಿಯ ಹಟ ನಡೆಯುವುದು ಕಷ್ಟ. ಆದ್ದರಿಂದ ಇಲ್ಲಿಯ ಆಚಾರ್ಯರ ಒಲವು ಕ್ರಾಸ್ ನಾಯಿಯ ಕಡೆಗೆ: ಮುಂಭಾಗ ಜರ್ಮನ್ ಶೆಫರ್ಡ್, ಹಿಂಭಾಗ ಬಸ್ ಸ್ಟ್ಯಾಂಡ್. ತುಂಗಭದ್ರೆ ದಾಟಿ ಇನ್ನಷ್ಟು ಮುಂದೆ ಹೋದರೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ. ಅಲ್ಲಿ ಮೈಲಾರಲಿಂಗನ ಭಕ್ತರು ತಾವೇ ನಾಯಿಗಳಂತೆ ಬೊಗಳಿ 'ದೋಣಿ' ಎಂಬ ಪಾತ್ರೆಯಲ್ಲಿ ಉಣ್ಣುತ್ತಾರೆ. ದೇವರೇ ತಳಿ ಕೇಳದ ಮೇಲೆ ನಾವು ಕೇಳುವುದೇಕೆ ಎಂಬುದು ಹರಿಹರ ಮತದ ಸಾರ.

ಸೂತ್ರ 5: ಪಾಲುದಾರರನ್ನು ಕೇಳದೆ ಮಾಡಿದ ನಿರ್ಣಯ ನಿಲ್ಲದು.

ಭಾಷ್ಯ: 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ನಿಷೇಧಿಸುವ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಸರ್ಕಾರಕ್ಕೇ ಅನ್ವಯಿಸುವ ನಿಯಮ ಯಜಮಾನನಿಗೆ ಅನ್ವಯಿಸದೆ? ಮನೆಯಲ್ಲಿ ಸಂಬಂಧಪಟ್ಟವರು ಎಂದರೆ ಯಾರು ಎಂಬುದನ್ನು ತಿಳಿಯಲು ದಾವಣಗೆರೆಯ ನಿಟ್ಟುವಳ್ಳಿಯ ಒಂದು ಮನೆಯ ಚರ್ಚಾಗೋಷ್ಠಿಯನ್ನು ಗಮನಿಸಬೇಕು.

ಎಂಟನೇ ಕ್ಲಾಸಿನ ಹುಡುಗ ಮೊಬೈಲ್‌ನಲ್ಲಿ ಮರಿಯ ಫೋಟೊ ಹಿಡಿದು ಸುತ್ತ ತೋರಿಸುತ್ತಿದ್ದಾನೆ. ಅಪ್ಪ ರೇಟು ಕೇಳುತ್ತಾನೆ. ಅಮ್ಮ ಕುಕ್ಕರ್ ಕೂಗಿತೆಂದು ಒಳಗೆ ಹೋಗುತ್ತಾಳೆ. ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತ, ತಲೆ ಎತ್ತದೆ ಹೇಳುತ್ತಾಳೆ:

'ನಾಯಿ ತರ್ರಿ, ನಾನೇನು ಬ್ಯಾಡ ಅನ್ನಲ್ಲ. ಉಚ್ಚಿ ಹೊಯ್ದ್ರೆ ಬಳಿಯೋರು ಯಾರು, ಅದನ್ನ ಮೊದ್ಲು ಹೇಳ್ರಿ.'

'ನಾನು ಬಳೀತೀನಜ್ಜಿ.'

'ನಿನ್ನ ಉಂಡ ತಟ್ಟಿ ಎತ್ತೋರು ಯಾರಪ್ಪಾ?'

ಗೋಷ್ಠಿ ಬರಖಾಸ್ತು. ಮೂರು ಶಾಖೆಗಳ ಅಷ್ಟೂ ತರ್ಕ ಒಂದು ಮೊರದ ಮುಂದೆ ನಿಲ್ಲಲಿಲ್ಲ.

ಸೂತ್ರ 6: ಬಳಿಯುವವರೇ ಕರ್ತೃ.

ಭಾಷ್ಯ: ನಾಯಿಯ ಆಯಸ್ಸು ಹತ್ತು ಹದಿಮೂರು ವರ್ಷ. ಹುಡುಗನಿಗೆ ಈಗ ಹದಿಮೂರು. ಮುಂದೆ ಎಸ್ಸೆಸ್ಸೆಲ್ಸಿ, ಪಿಯುಸಿ, ಆಮೇಲೆ ಬೆಂಗಳೂರಿನ ಪಿ.ಜಿ. ಅವನಿಗೆ ಮೊದಲ ಸಂಬಳ ಬರುವ ಹೊತ್ತಿಗೆ ನಾಯಿಗೆ ಮಂಡಿನೋವು ಬಂದಿರುತ್ತದೆ. ಮಗನಿಗೆಂದು ತಂದ ನಾಯಿ ಕೊನೆಗೂ ಅಮ್ಮನ ನಾಯಿ. ಆದ್ದರಿಂದ ಬೆಳಗಿನ ಐದೂವರೆಗೆ ಎದ್ದು ಸರಪಳಿ ಹಿಡಿಯುವವರಿಗೆ ಮಾತ್ರ ಇಲ್ಲಿ ಮತದಾನದ ಹಕ್ಕು. ಉಳಿದವರಿಗೆ ಭಾಷಣದ ಹಕ್ಕು. ಅಂಥ ಒಬ್ಬರೂ ಇಲ್ಲದ ಮನೆಗೆ ಶಾಸ್ತ್ರ ನಿರ್ಗುಣ ನಾಯಿಯನ್ನು ವಿಧಿಸುತ್ತದೆ. ಅಂದರೆ 'ನಾಯಿ ಇದೆ ಎಚ್ಚರಿಕೆ' ಎಂಬ ಬೋರ್ಡು ಮಾತ್ರ. ಅದಕ್ಕೆ ಆಹಾರ ಬೇಡ, ಲಸಿಕೆ ಬೇಡ. ಕಳ್ಳರಲ್ಲಿ ಆಸ್ತಿಕರು ಅದಕ್ಕೂ ಹೆದರುತ್ತಾರೆ.

ಸಿದ್ಧಾಂತ: ಬಳಿಯುವವರು ಇದ್ದರೆ, ನಿಮ್ಮ ಬೀದಿಯ ಮರಿಯೇ ಉತ್ತಮ. ಅದು ಈ ಬಿಸಿಲಿಗೆ ಹುಟ್ಟಿದ್ದು, ಈ ನೀರು ಕುಡಿದದ್ದು, ಮೊಸರನ್ನಕ್ಕೆ ಮುಖ ತಿರುಗಿಸದ್ದು. ಯಾರೂ ಒಯ್ಯದೆ ಉಳಿಯುವ ಹೆಣ್ಣು ಮರಿಯಾದರೆ ಇನ್ನೂ ಒಳ್ಳೆಯದು. ಪಶುವೈದ್ಯರಲ್ಲಿ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಮುಂದಿನ ಚಿಂತೆಯಿಲ್ಲ. ಎರಡು ತಿಂಗಳು ತುಂಬುವವರೆಗೆ ತಾಯಿಯಿಂದ ಅಗಲಿಸಬೇಡಿ. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗಕ್ಕೆ ಮದ್ದಿಲ್ಲ. ಇಷ್ಟಾದ ಮೇಲೆ ತಳಿ ಯಾವುದೆಂದು ಯಾರಾದರೂ ಕೇಳಿದರೆ, ಧೈರ್ಯವಾಗಿ 'ದಾವಣಗೆರೆ' ಎನ್ನಿ.